ನೀರಿನ ಮನೆಗೊಬ್ಬ ಬೌನ್ಸರ್

"ಕಟ್ಟಡ ಉಳೀತಲ್ಲ, ಅಷ್ಟಾದರೂ ಆಯ್ತಲ್ಲ!" ಎಲ್ಲೋ ಒಂದು ಕಡೆ ಹಳೆಯ ಪಂಪ್‌ಹೌಸೋ ನೀರಿನ ಗೋಪುರವೋ ಪಬ್ಬಾಗಿ ಬದಲಾಯಿತು ಎಂಬ ಸುದ್ದಿ ಬಂದಾಗ ನಮ್ಮ ನಡುವಿನ ಓದಿಕೊಂಡವರು, ಹಳೆಯದರ ಬಗ್ಗೆ ನಿಜವಾಗಿ ಅಕ್ಕರೆ ಇರುವವರು ಹೇಳುವ ಮಾತಿದು. ಫೋಟೋಗಳೂ ಚೆನ್ನಾಗಿರುತ್ತವೆ. ಕೆಂಪು ಇಟ್ಟಿಗೆ, ಎತ್ತರದ ಕಮಾನು, ಬಾರಿನ ಹಿಂದೆ ಹಸಿರು ಬಣ್ಣ ಬಳಿದ ಹಳೆಯ ವಾಲ್ವ್ ಚಕ್ರ. ಈ ಪತ್ರವನ್ನು ಆ "ಅಷ್ಟಾದರೂ" ಎಂಬ ಪದದ ಮೇಲೆ ಜಗಳ ತೆಗೆಯಲೆಂದೇ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಬಿಯರ್ ಕುಡಿಯುವವಳು. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನು ಎಳೆದಾಡಿದವರ ಪಕ್ಕದಲ್ಲಿ ನಿಂತು ಮಾತಾಡುವ ಇರಾದೆ ನನಗಿಲ್ಲ. ಪಬ್ಬಿನಿಂದ ಸಂಸ್ಕೃತಿ ಕೆಡುತ್ತದೆ ಅನ್ನುವವರು ಈ ಬರಹವನ್ನು ತಮ್ಮ ಕಡೆಯ ಸಾಕ್ಷಿ ಅಂತ ಎಣಿಸಬೇಡಿ. ನನ್ನ ತಕರಾರು ನೀರಿನ ಬಗ್ಗೆ, ಮತ್ತೆ ಬಾಗಿಲಲ್ಲಿ ಯಾರು ನಿಂತಿರುತ್ತಾರೆ ಅನ್ನುವುದರ ಬಗ್ಗೆ.

ತಕರಾರು ಶುರುವಾದದ್ದು ಒಂದು ಅನುವಾದದ ಕೆಲಸದಿಂದ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಹೋಟೆಲು, ಪಬ್ಬು ಮಾಡಿಕೊಡುವ ವಿನ್ಯಾಸಗಾರರ ಪ್ರಚಾರ ಪುಸ್ತಿಕೆ. ಇಂಗ್ಲಿಷಿನಿಂದ ಕನ್ನಡಕ್ಕೂ ಮರಾಠಿಗೂ ಮಾಡಿಕೊಡಬೇಕಿತ್ತು. ಊರೂರಿನ ಪಾಲಿಕೆ ಸದಸ್ಯರಿಗೆ ಹಂಚಲಿಕ್ಕಂತೆ. ಪುಟಪುಟಕ್ಕೂ "ಅಡಾಪ್ಟಿವ್ ರೀಯೂಸ್". ನಾನು "ಹೊಂದಾಣಿಕೆಯ ಮರುಬಳಕೆ" ಅಂತ ಬರೆದೆ, ಹೊಡೆದು ಹಾಕಿದೆ. ಯಾರು ಯಾರಿಗೆ ಹೊಂದಿಕೊಳ್ಳಬೇಕು? ಕಟ್ಟಡ ಪಬ್ಬಿಗೋ, ಪಬ್ಬು ಕಟ್ಟಡಕ್ಕೋ? ಇನ್ನೊಂದು ಪದ "ಅಬ್ಯಾಂಡನ್ಡ್". ಕನ್ನಡದಲ್ಲಿ ಸಲೀಸಾಗಿ ಬರುವುದು "ಪಾಳುಬಿದ್ದ". ಭಾಷಾವಿಜ್ಞಾನ ಓದಿದ ದೋಷವೋ ಏನೋ, ಈ ಪದದ ಮುಂದೆ ಒಂದು ಮಧ್ಯಾಹ್ನವಿಡೀ ಕೂತಿದ್ದೆ. ಇಂಗ್ಲಿಷಿನ ಆ ಪದದಲ್ಲಿ ಕಣ್ಣಿಗೆ ಬೀಳದಿದ್ದರೂ ಬಿಟ್ಟುಹೋದವನೊಬ್ಬ ಇದ್ದಾನೆ. ನಮ್ಮ "ಪಾಳು ಬಿತ್ತು" ಎಂಬುದರಲ್ಲಿ ಯಾರೂ ಇಲ್ಲ. ಮಳೆ ಬಿದ್ದ ಹಾಗೆ, ಎಲೆ ಬಿದ್ದ ಹಾಗೆ ಕಟ್ಟಡ ತನ್ನಷ್ಟಕ್ಕೆ ಪಾಳು ಬೀಳುತ್ತದೆ. "ಇವತ್ತು ನೀರು ಬಂದಿಲ್ಲ" ಅನ್ನುತ್ತೇವಲ್ಲ, ಅದೂ ಹೀಗೇ. ನೀರೇ ಕರ್ತೃ, ಬರುವ ಮನಸ್ಸಿದ್ದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ನೀರು ಬಿಡುವವನು, ಬಿಡಬೇಡ ಅಂದವನು, ಬೇರೆ ಕಡೆ ತಿರುಗಿಸಿದವನು ಯಾರೂ ವಾಕ್ಯದೊಳಗೆ ಕಾಣಿಸುವುದಿಲ್ಲ. ಪುಸ್ತಿಕೆಗೆ ಬೇಕಾಗಿದ್ದದ್ದೂ ಇದೇ. ಪಾಳುಬಿದ್ದ ಕಟ್ಟಡ ಒಂದಿತ್ತು, ನಾವು ಬಂದು ಜೀವ ಕೊಟ್ಟೆವು. ಪಾಳು ಬೀಳಲು ಬಿಟ್ಟವರು ಯಾರೆಂದು ಕೇಳಿದರೆ, ಪುಸ್ತಿಕೆ ಹಂಚಬೇಕಾದವರ ಹೆಸರೇ ಮೊದಲು ಬಂದೀತು.

ಇನ್ನು "ಪಬ್" ಎಂಬ ಪದಕ್ಕೆ ಬರುತ್ತೇನೆ. ಅದು "ಪಬ್ಲಿಕ್ ಹೌಸ್" ಎಂಬುದರ ತುಂಡು. ಇಂಗ್ಲೆಂಡಿನ ರೈ ಎಂಬ ಪುಟ್ಟ ಊರಿನಲ್ಲಿ ಹಳೆಯ ಪಂಪ್‌ಹೌಸ್ ಒಂದು ಈಗ ಸಣ್ಣ ಪಬ್ಬು; ಹೆಸರೂ "ವಾಟರ್‌ವರ್ಕ್ಸ್". ಅದರ ಮೇಲೆ ನನಗೆ ಹೆಚ್ಚು ಸಿಟ್ಟಿಲ್ಲ. ಅಲ್ಲಿನ ಸಣ್ಣ ಊರುಗಳಲ್ಲಿ ಪಬ್ಬೆಂದರೆ ನಿವೃತ್ತ ಮೇಷ್ಟ್ರು, ನಲ್ಲಿ ರಿಪೇರಿಯವನು, ನಾಯಿ ಜೊತೆ ಬಂದ ಅಜ್ಜಿ ಎಲ್ಲರೂ ಒಂದೇ ಬೆಂಚಿನ ಮೇಲೆ ಕೂರುವ ಜಾಗ. ಆ ಪದ ಹಡಗು ಹತ್ತಿ ನಮ್ಮಲ್ಲಿಗೆ ಬರುವಾಗ "ಪಬ್ಲಿಕ್" ಅನ್ನುವುದನ್ನು ಅಲ್ಲಿಯ ಬಂದರಿನಲ್ಲೇ ಇಳಿಸಿ ಬಂದಿದೆ. ಎರವಲು ಪದಗಳ ಅರ್ಥ ಕಿರಿದಾಗುವುದು ಸಾಮಾನ್ಯ, ಪಠ್ಯದಲ್ಲಿ ಓದಿದ್ದೆವು; ಇಷ್ಟು ಕಿರಿದಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಪುಣೆಯ ಪಬ್ಬಿನ ಬಾಗಿಲಲ್ಲಿ ಕಪ್ಪು ಟೀಶರ್ಟಿನ ಬೌನ್ಸರ್. ಚಪ್ಪಲಿ ನೋಡುತ್ತಾನೆ. ಒಂಟಿ ಗಂಡಸರಿಗೆ ಪ್ರವೇಶವಿಲ್ಲ, ಇದ್ದರೂ ಕವರ್ ಚಾರ್ಜು. ಪಕ್ಕದಲ್ಲಿ ಹಿತ್ತಾಳೆ ಫಲಕ: ಪ್ರವೇಶದ ಹಕ್ಕನ್ನು ಕಾಯ್ದಿರಿಸಲಾಗಿದೆ.

ಈ ಫಲಕದ ಮುಂದೆ ಸ್ವಲ್ಪ ನಿಲ್ಲೋಣ, ಏಕೆಂದರೆ ಈ ಊರಿನ ನೀರಿನ ಇತಿಹಾಸವೆಂದರೆ ಹೆಚ್ಚುಕಡಿಮೆ ಇದೇ ಫಲಕದ ಇತಿಹಾಸ.

18ನೇ ಶತಮಾನದ ನಡುವಿನಲ್ಲಿ ನಾನಾಸಾಹೇಬ ಪೇಶ್ವೆ ಕಾತ್ರಜ್ ಗುಡ್ಡದ ಬುಡದಲ್ಲಿ ಕೆರೆ ಕಟ್ಟಿಸಿ, ನೆಲದೊಳಗೆ ಕಲ್ಲಿನ ಕಾಲುವೆ ತೆಗೆಸಿ, ಶನಿವಾರವಾಡೆಯ ತನಕ ನೀರು ತಂದ. ಆಳು ನಡೆದು ಹೋಗುವಷ್ಟು ಎತ್ತರದ ಕಾಲುವೆ. ಪಂಪಿಲ್ಲ, ಯಂತ್ರವಿಲ್ಲ, ನೆಲದ ಇಳಿಜಾರೇ ಎಲ್ಲ ಕೆಲಸ ಮಾಡುತ್ತದೆ. ಹೂಳು ಕೆರೆಯ ಹತ್ತಿರವೇ ತಂಗಬೇಕು, ತಿಳಿನೀರು ಮುಂದೆ ಹೋಗಬೇಕು ಅನ್ನುವ ಏರ್ಪಾಡು. ದಾರಿಯುದ್ದಕ್ಕೂ ಗಾಳಿಯಾಡಲಿಕ್ಕೆ, ಇಳಿದು ಹೂಳೆತ್ತಲಿಕ್ಕೆ ಬಾವಿಯಂಥ ಕಂಡಿಗಳು. ಅವಕ್ಕೆ ಉಚ್ಛ್ವಾಸ ಅನ್ನುತ್ತಾರೆ. (ನಮ್ಮ "ಉಸಿರಿ"ಗೂ ಸಂಸ್ಕೃತದ ಈ ಪದಕ್ಕೂ ನೆಂಟಸ್ತಿಕೆ ಇಲ್ಲ. ಕಿವಿ ಮಾತ್ರ ಇದೆ ಅನ್ನುತ್ತದೆ. ಈ ಒಂದು ಸಲ ನಾನು ಕಿವಿಯ ಮಾತನ್ನೇ ಕೇಳುತ್ತೇನೆ.) ಪೇಟೆಗಳೊಳಗೆ ಬಂದ ನೀರು ಹೌದಗಳಲ್ಲಿ ನಿಲ್ಲುತ್ತಿತ್ತು. ಕಾಳಾ ಹೌದ, ಬದಾಮಿ ಹೌದ, ಫಡಕೆ ಹೌದ, ನಾನಾ ಹೌದ. ವಾಡೆಯೊಳಗೆ ಹದಿನಾರು ದಳದ ಕಮಲದ ಆಕಾರದಲ್ಲಿ "ಹಜಾರಿ ಕಾರಂಜೆ". ಹೆಸರಿಗೆ ಸಾವಿರ, ಚಿಲುಮೆಗಳು ಇನ್ನೂರರ ಆಸುಪಾಸು. ಕಾರಂಜಿ ಎಂಬ ಪದವನ್ನು ಮರಾಠಿಯೂ ಕನ್ನಡವೂ ಹಂಚಿಕೊಂಡಿರುವುದಕ್ಕೆ ನಾನು ಇಲ್ಲಿಗೆ ಬಂದ ಹೊಸದರಲ್ಲಿ ಖುಷಿಪಟ್ಟಿದ್ದೆ. "ಹೌದ" ಇನ್ನೂ ದೂರದ್ದು: ಅರಬ್ಬಿಯ ಪದ, ಪಾರಸಿ ದಾಟಿ ದಖ್ಖನಿಗೆ ಬಂದು ನಮ್ಮ ವಿಜಯಪುರದ ಕಡೆ ದನಕ್ಕೆ ನೀರು ಕುಡಿಸುವ ತೊಟ್ಟಿಯ ತನಕ ಇಳಿದಿದೆ. ಪದ ಬಂದ ದಾರಿಯಲ್ಲೇ ವಿದ್ಯೆಯೂ ಬಂತು. ಬೀದರಿನ ನೌಬಾದಿನ ಕರೇಜ್, ಆದಿಲ್‌ಶಾಹಿ ವಿಜಾಪುರಕ್ಕೆ ತೊರವಿಯಿಂದ ಬಂದ ಸುರಂಗದ ನೀರು, ಅದರ ಒತ್ತಡ ತಗ್ಗಿಸಲು ನಿಲ್ಲಿಸಿದ "ಗಂಜ್" ಎಂಬ ಗೋಪುರಗಳು, ಔರಂಗಾಬಾದಿನಲ್ಲಿ ಮಲಿಕ್ ಅಂಬರನ ನೆಹರು. ಪೇಶ್ವೆಯ ಕಾಲುವೆ ಈ ಮನೆತನದ ಕೊನೆಯ ಮಕ್ಕಳಲ್ಲೊಂದು. ಇದನ್ನು ಹಿಂದೂ ಜಾಣ್ಮೆ ಅಂತ ಮಾತ್ರ ಹೇಳುವವರಿಗೆ "ಹೌದ" ಎಂಬ ಪದವೇ ಉತ್ತರ ಕೊಡುತ್ತದೆ.

ಆದರೆ ಆ ನೀರು ಎಲ್ಲರದೂ ಆಗಿರಲಿಲ್ಲ. ಪೇಶ್ವೆಯ ಪುಣೆಯಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗೆ ಹೌದ ಮುಟ್ಟುವ ಮಾತೇ ಇರಲಿಲ್ಲ. ಇಂಜಿನಿಯರಿಂಗಿಗೆ ತಲೆಬಾಗುತ್ತೇನೆ, ಹಂಚಿಕೆಗೆ ಇಲ್ಲ. ಪೇಶ್ವೆಯ ರಾಜ್ಯ ಮುಗಿದು ಅರ್ಧ ಶತಮಾನ ಆದ ಮೇಲೂ ಆ ನಿಯಮ ಹಾಗೇ ಇತ್ತು. 1868ರಲ್ಲಿ ಜೋತಿರಾವ್ ಫುಲೆ ತಮ್ಮ ಮನೆಯ ಹೌದವನ್ನು ಅಸ್ಪೃಶ್ಯರಿಗೆ ತೆರೆದರು. ಈ ಊರಿನ ನೀರಿನ ಚರಿತ್ರೆಯಲ್ಲಿ ಕಾತ್ರಜ್ ಕಾಲುವೆಗಿಂತ ದೊಡ್ಡ ಕಾಮಗಾರಿ ಅದು. ಕಲ್ಲು, ಸುಣ್ಣ ಏನೂ ಬೇಕಾಗಲಿಲ್ಲ. ಅಂಗಳದ ಬಾಗಿಲು ತೆರೆದರೆ ಸಾಕಾಗಿತ್ತು. ಸುಮಾರು 60 ವರ್ಷ ಕಳೆದು, 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡದ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿಯಬೇಕಾಯಿತು. ನಡುವೆ ಪುಣೆಯಲ್ಲೇ ಇನ್ನೊಂದು ಪ್ರಸಂಗ: ಐದು ಹೌದಗಳ ಹೆಸರು ಹೊತ್ತ ಪಂಚ್ ಹೌದ್ ಮಿಷನ್ನಿನಲ್ಲಿ 1890ರಲ್ಲಿ ಚಹಾ ಕುಡಿದರೆಂದು ರಾನಡೆ, ತಿಲಕರಂಥವರ ಮೇಲೂ ಬಹಿಷ್ಕಾರದ ಗಲಾಟೆ ಎದ್ದು, ವಿಚಾರಣೆ, ಪ್ರಾಯಶ್ಚಿತ್ತದ ತನಕ ಹೋಯಿತು. ಯಾರು, ಎಲ್ಲಿ, ಯಾರ ಕೈಯಿಂದ, ಏನು ಕುಡಿಯಬಹುದು ಎಂಬ ಪ್ರಶ್ನೆಗೆ ತಲೆ ಒಡೆದುಕೊಂಡ ಊರಿದು. ಇಂಥ ಊರಿನಲ್ಲಿ ನೀರಿನ ಕಟ್ಟಡವೊಂದರ ಬಾಗಿಲಿಗೆ "ಪ್ರವೇಶದ ಹಕ್ಕು ಕಾಯ್ದಿರಿಸಲಾಗಿದೆ" ಅಂತ ಬರೆಯುವುದು ಒಳಾಂಗಣ ವಿನ್ಯಾಸದ ಪ್ರಶ್ನೆಯೇ?

ಕನ್ನಡದಲ್ಲಿ ಅರವಟ್ಟಿಗೆ ಎಂಬ ಪದವಿದೆ. ದಾರಿಹೋಕರಿಗೆ ದುಡ್ಡು ಕೇಳದೆ ನೀರು ಕೊಡುವ ಜಾಗ. ಹಳೆಗನ್ನಡದ "ಅಱ" ಅಂದರೆ ಧರ್ಮ. ತಮಿಳಿನ ಅಱಂ ಕೂಡ ಅದೇ. ಮರಾಠಿಯಲ್ಲಿ ಪಾಣಪೋಯಿ, ಬೇಸಿಗೆಯಲ್ಲಿ ಪುಣೆಯ ಪೇಟೆಗಳಲ್ಲಿ ಒದ್ದೆ ಬಟ್ಟೆ ಸುತ್ತಿದ ಮಡಕೆಗಳ ಸಾಲು ಈಗಲೂ ಕಾಣುತ್ತದೆ. ನೀರಿನ ಕಟ್ಟಡಕ್ಕೆ ಮರುಬಳಕೆ ಹುಡುಕಲೇಬೇಕೆಂದರೆ ನಮ್ಮ ಭಾಷೆಗಳು ಮೊದಲೇ ಹುಡುಕಿಟ್ಟಿವೆ. ಅದಕ್ಕೆ ಹೂಡಿಕೆದಾರರು ಸಿಗುವುದಿಲ್ಲ, ಅಷ್ಟೇ.

ನನ್ನ ಮುಖ್ಯ ವಾದ ಇನ್ನೂ ಬಾಕಿ ಇದೆ. ನೀರಿನ ವ್ಯವಸ್ಥೆ ಅನ್ನುವುದು ಕಟ್ಟಡವಲ್ಲ, ಒಂದು ದಾರಿ. ಕೆರೆ, ಕಾಲುವೆ, ಕಂಡಿ, ಹೌದ, ಕೊನೆಗೆ ಕೊಡ. ಇದರಲ್ಲಿ ಪಬ್ಬು ಮಾಡಬಹುದಾದದ್ದು ಯಾವುದು? ಮೇಲೆ ಸೂರಿದ್ದು, ಒಳಗೆ ಮೇಜು ಹಾಕುವಷ್ಟು ಜಾಗವಿದ್ದು, ಎದುರಿಗೆ ಕಾರು ನಿಲ್ಲಿಸಲು ಆಗುವ ತುಂಡು ಮಾತ್ರ. ಅಂದರೆ ಪಂಪ್‌ಹೌಸು, ಯಂತ್ರಶಾಲೆ. ನೆಲದೊಳಗಿನ ಕಾಲುವೆಯಲ್ಲಿ ಪಬ್ಬು ನಡೆಸಲಾಗದು. ಉಚ್ಛ್ವಾಸದಲ್ಲಿ ನಡೆಸಲಾಗದು. ಸೂರಿಲ್ಲದ ಹೌದದಲ್ಲೂ ಆಗದು. ಆದ್ದರಿಂದ "ಪಬ್ಬಾದರೂ ಉಳಿಸುತ್ತದೆ" ಎಂಬ ಸಿದ್ಧಾಂತ ಒಪ್ಪಿಕೊಂಡ ಊರಿನಲ್ಲಿ ಕಾಲುವೆ, ಕಂಡಿ, ಹೌದ ಎಲ್ಲ ಹೋಗುತ್ತವೆ. ಫೋಟೋಗೆ ಚೆನ್ನಾಗಿ ಕಾಣುವ ಒಂದು ಕೋಣೆ ಉಳಿಯುತ್ತದೆ. ಪುಣೆಯಲ್ಲಿ ಹೌದಗಳಿಗೆ ಆದದ್ದೂ ಇದೇ. ಫಡಕೆ ಹೌದ ಇಂದು ರಿಕ್ಷಾದವನಿಗೆ ಹೇಳುವ ಚೌಕದ ಹೆಸರು. 2019ರ ಮಾರ್ಚಿನಲ್ಲಿ ಸ್ವಾರಗೇಟಿನಲ್ಲಿ ಮೆಟ್ರೋಗಾಗಿ ಅಗೆಯುವಾಗ ಪೇಶ್ವೆ ಕಾಲದ ಸುರಂಗ ಸಿಕ್ಕಿತೆಂದು ಪತ್ರಿಕೆಗಳು ಬರೆದವು, ಗುಪ್ತಮಾರ್ಗವೇ ಇರಬೇಕೆಂದು ಜನ ಪುಳಕಗೊಂಡರು. ಅದು ಕಾತ್ರಜಿನ ನೀರು ಬರುತ್ತಿದ್ದ ದಾರಿ. ತನ್ನ ಕಾಲಡಿಯ ನೀರಿನ ದಾರಿಯನ್ನು ಈ ಊರು ಎಷ್ಟು ಮರೆತಿದೆಯೆಂದರೆ ಅದು ಸಿಕ್ಕಾಗ ನಿಧಿ ಹುಡುಕಿತು.

ಸತ್ತ ವ್ಯವಸ್ಥೆಗೆ ಇಷ್ಟೆಲ್ಲ ಯಾಕೆ ಅನ್ನುತ್ತೀರಾ? 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು, ಅದರ ನೀರಿನ ಹೊಡೆತಕ್ಕೆ ಕೆಳಗಿದ್ದ ಖಡಕ್‌ವಾಸಲಾ ಅಣೆಕಟ್ಟೂ ಒಡೆದು ಪುಣೆ ಮುಳುಗಿತು. ಖಡಕ್‌ವಾಸಲಾ 1879ರಿಂದ ಊರಿಗೆ ನೀರು ಕೊಡುತ್ತಿದ್ದ ಅಣೆಕಟ್ಟು. ಅದು ಹೋದ ಮೇಲೆ ನಲ್ಲಿಗಳು ಒಣಗಿದವು. ಆಗ ಜನ ಹಳೆಯ ಹೌದಗಳಿಗೆ, ಬಾವಿಗಳಿಗೆ ಹೋದರು. ಸದಾಶಿವ ಪೇಟೆಯ ಹಿರಿಯರು ಇದನ್ನು ಈಗಲೂ ಹೇಳುತ್ತಾರೆ. ಇನ್ನೂರು ವರ್ಷ ಹಳೆಯ ಕಾಲುವೆ "ಸತ್ತಿರಲಿಲ್ಲ", ಕರೆಯುವ ತನಕ ಸುಮ್ಮನಿತ್ತು.

ಈಗಿನ ಪುಣೆಗೆ ಬನ್ನಿ. ಬಂಡ್ ಗಾರ್ಡನ್ ಅಂತ ಒಂದು ಜಾಗವಿದೆ. 1850ರ ಹೊತ್ತಿಗೆ ಮುಂಬೈಯ ಪಾರ್ಸಿ ವ್ಯಾಪಾರಿ ಸರ್ ಜಮ್ಷೇಟ್‌ಜಿ ಜೀಜೀಭಾಯ್ ಹಣ ಕೊಟ್ಟು, ಊರಿಗೆ ನೀರಿರಲಿ ಎಂದು ಮುಳಾ-ಮುಠಾ ನದಿಗೆ ಕಟ್ಟಿಸಿದ ಒಡ್ಡು ಅದು. (ಹಣ ಬಂದದ್ದು ಬಹುಪಾಲು ಚೀನಾದ ಅಫೀಮು ವ್ಯಾಪಾರದಿಂದ. ಅಮಲಿನಿಂದ ಬಂದ ದುಡ್ಡು ನೀರಿಗೆ ಹೋಯಿತು. ಈಗ ನಾವು ನೀರಿನ ಮನೆಯನ್ನು ಅಮಲಿಗೆ ಕೊಡೋಣ ಅನ್ನುತ್ತಿದ್ದೇವೆ.) ಆ ಒಡ್ಡಿನ ಈ ಕಡೆ ಕೋರೆಗಾಂವ್ ಪಾರ್ಕ್, ಆ ಕಡೆ ಕಲ್ಯಾಣಿ ನಗರ. ಪುಣೆಯ ಪಬ್ಬುಗಳ ಸೀಮೆ ಅಂದರೆ ಇದೇ. 2024ರ ಮೇ 19ರ ಬೆಳಗಿನ ಜಾವ ಕಲ್ಯಾಣಿ ನಗರದಲ್ಲಿ ಪೋರ್ಶೆ ಕಾರಿಗೆ ಸಿಕ್ಕು ಇಬ್ಬರು ಯುವ ಇಂಜಿನಿಯರುಗಳು ಸತ್ತ ಮೇಲೆ ಪಾಲಿಕೆ ಆ ಕಡೆಯ ಪಬ್ಬುಗಳ ಅನಧಿಕೃತ ಭಾಗಗಳನ್ನು ಕೆಡವಲು ಹೊರಟಿತು. ಅಲ್ಲಿಯ ತನಕ ಅವು ಕಣ್ಣಿಗೆ ಬಿದ್ದಿರಲಿಲ್ಲ. ಪರಂಪರೆಯ ಕಟ್ಟಡದೊಳಗಿನ ಪಬ್ಬು ಗೋಡೆಗೆ ಮೊಳೆ ಹೊಡೆಯುವ ಮುನ್ನ ಇದೇ ಪಾಲಿಕೆಯ ಅಪ್ಪಣೆ ಕೇಳುತ್ತದೆ ಅಂತ ನಂಬಬೇಕು ನಾವು.

ಊರಿನ ಇನ್ನೊಂದು ತುದಿ, ಸಿಂಹಗಡ ರಸ್ತೆ. ನಾಂದೇಡ್, ಕಿರ್ಕಟವಾಡಿ ಮೊದಲಾದ ಹಳ್ಳಿಗಳು 2021ರಲ್ಲಿ ಪಾಲಿಕೆಗೆ ಸೇರಿದವು. ಖಡಕ್‌ವಾಸಲಾ ಅಣೆಕಟ್ಟಿನ ನೆರಳಲ್ಲೇ ಇರುವ ಊರುಗಳು. 2025ರ ಜನವರಿಯಲ್ಲಿ ಆ ಭಾಗದ ಜನರ ಕೈಕಾಲು ಸ್ವಾಧೀನ ತಪ್ಪತೊಡಗಿತು. ಗಿಲಾನ್-ಬಾರೆ ಕಾಯಿಲೆ, ಶಂಕಿತರನ್ನೂ ಸೇರಿಸಿ 200ಕ್ಕೂ ಹೆಚ್ಚು ಜನ. ಅನುಮಾನ ಹೋದದ್ದು ಕುಡಿಯುವ ನೀರಿನ ಕಡೆಗೆ. ದೊಡ್ಡ ಬಾವಿಯೊಂದರ ನೀರು ಸರಿಯಾದ ಶುದ್ಧೀಕರಣವಿಲ್ಲದೆ, ಬರೀ ಕ್ಲೋರಿನ್ ಹಾಕಿಸಿಕೊಂಡು ಮನೆಗಳಿಗೆ ಹೋಗುತ್ತಿತ್ತು. ಇದೇ ಊರಿನ ಹೊಸ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡುಗಳಿವೆ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದವರು. ನನ್ನ ಕನ್ನಡ ಮಾತಾಡುವವರು. ಟ್ಯಾಂಕರ್ ಬಂದ ದಿನ "ಇವತ್ತು ನೀರು ಬಂತು" ಅನ್ನುತ್ತಾರೆ. ಬೌನ್ಸರ್ ಅವರನ್ನು ತಡೆಯುವ ಪ್ರಮೇಯವೇ ಬರುವುದಿಲ್ಲ, ಅವರು ಆ ಬಾಗಿಲ ತನಕ ಬರುವುದಿಲ್ಲ. ನೀರು ಎಲ್ಲಿಂದ ಬರುತ್ತದೆ, ಹೇಗೆ ತಿಳಿಯಾಗುತ್ತದೆ, ಯಾರು ಬಿಡುತ್ತಾರೆ ಅನ್ನುವುದನ್ನು ಒಂದು ನಗರ ತನ್ನ ಮಕ್ಕಳಿಗೆ ಕಣ್ಣಾರೆ ತೋರಿಸಬಹುದಾದ ಜಾಗಗಳೆಂದರೆ ಹಳೆಯ ನೀರಿನ ಕಟ್ಟಡಗಳೇ. ಕ್ಲೋರಿನ್ ಹಾಕಿದ ಮಾತ್ರಕ್ಕೆ ನೀರು ಶುದ್ಧವಾಗದು ಎಂದು ಗೊತ್ತಿದ್ದವರು ಪಾಲಿಕೆಯನ್ನು ಬೇರೆ ರೀತಿ ಪ್ರಶ್ನಿಸುತ್ತಾರೆ. ಆ ಜಾಗದಲ್ಲಿ ಡಿಜೆ ಹಾಕಿದರೆ ಕಳೆದುಹೋಗುವುದು ಈ ತಿಳಿವಳಿಕೆ.

ಬಿಯರಿಗೂ ನೀರು ಬೇಕು, ಒಂದು ಲೀಟರಿಗೆ ಹಲವು ಲೀಟರು. 2016ರ ಏಪ್ರಿಲ್‌ನಲ್ಲಿ ಮಿರಜಿನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋಯಿತು. ಅದೇ ತಿಂಗಳು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಮದ್ಯದ ಕಾರ್ಖಾನೆಗಳ ನೀರು ಕಡಿತ ಮಾಡಲು ಆದೇಶಿಸಿತು. ಮಲಿಕ್ ಅಂಬರ್ ನೆಹರು ತೋಡಿಸಿದ ಊರದು. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಶುಕ್ರವಾರ ನಾನೂ ಗ್ಲಾಸು ಹಿಡಿಯುವವಳೇ.

ಇನ್ನು ಎದುರು ಪಕ್ಷದ ಗಟ್ಟಿ ಮಾತು: ಪಾಲಿಕೆಯ ಬಳಿ ದುಡ್ಡಿಲ್ಲ, ಬೀಗ ಹಾಕಿದ ಕಟ್ಟಡ ಹತ್ತು ಮಳೆಗಾಲ ತಡೆಯದು, ಬಾಡಿಗೆ ಕೊಡುವವನೇ ಗತಿ. ಇದರಲ್ಲಿ ನಿಜವಿದೆ. ಬೆಂಗಳೂರಿನ ಒಪೆರಾ ಹೌಸ್ 2018ರಲ್ಲಿ ಸ್ಯಾಮ್‌ಸಂಗ್ ಮಳಿಗೆಯಾಯಿತು; ಹಾಗಾಗದಿದ್ದರೆ ಇಷ್ಟು ಹೊತ್ತಿಗೆ ಕುಸಿದಿರುತ್ತಿತ್ತೋ ಏನೋ. ಆದರೆ ಬೇರೆಯವರು ಇದೇ ಇಕ್ಕಟ್ಟಿನಲ್ಲಿ ಏನು ಮಾಡಿದರು ನೋಡಿ. ಬಾಸ್ಟನ್ನಿನ ಚೆಸ್ಟ್‌ನಟ್ ಹಿಲ್‌ನಲ್ಲಿ 1880ರ ದಶಕದ ಪಂಪಿಂಗ್ ಸ್ಟೇಷನ್ ಇದೆ. ಸುತ್ತಲಿನ ಹಳೆಯ ಕಟ್ಟಡಗಳು ಫ್ಲ್ಯಾಟುಗಳಾದವು. ಯಂತ್ರಶಾಲೆಯನ್ನು ಮಾತ್ರ ಯಂತ್ರಗಳ ಸಮೇತ ಉಳಿಸಿಕೊಂಡು 2011ರಲ್ಲಿ ಮ್ಯೂಸಿಯಂ ತೆರೆದರು. ಫಿಲಡೆಲ್ಫಿಯಾದ ಫೇರ್‌ಮೌಂಟ್ ವಾಟರ್ ವರ್ಕ್ಸ್ 1909ರಲ್ಲಿ ಕೆಲಸ ನಿಲ್ಲಿಸಿತು, ಆಮೇಲೆ ಅರ್ಧ ಶತಮಾನ ಮೀನುಗಳ ಅಕ್ವೇರಿಯಂ ಆಗಿತ್ತು. ಮುಂದೆ ಅದರ ಒಂದು ಭಾಗದಲ್ಲಿ ರೆಸ್ಟೋರೆಂಟೂ ನಡೆಯಿತು, ನಿಂತೂ ಹೋಯಿತು. ಅದೇ ಕಟ್ಟಡದಲ್ಲಿ ಅಲ್ಲಿನ ನೀರು ಇಲಾಖೆ 2003ರಲ್ಲಿ ತೆರೆದ ಕೇಂದ್ರ, ಊರಿನ ಮಕ್ಕಳಿಗೆ ನದಿಯಿಂದ ನಲ್ಲಿಯ ತನಕದ ದಾರಿ ತೋರಿಸುವುದು, ಇನ್ನೂ ಇದೆ. ಬಾಡಿಗೆದಾರ ಬರುತ್ತಾನೆ, ಹೋಗುತ್ತಾನೆ. ಪಬ್ಬಿನ ಆಯುಷ್ಯವಂತೂ ನಮ್ಮಲ್ಲಿ ಲೈಸೆನ್ಸ್ ನವೀಕರಣದಿಂದ ನವೀಕರಣಕ್ಕೆ. ಅಂಥವನ ಕೈಗೆ ನೂರಾರು ವರ್ಷದ ಕಟ್ಟಡದ ಏಕೈಕ ಬೀಗದಕೈ ಕೊಡುವುದನ್ನು ಉಳಿಸುವುದು ಅಂತ ಯಾವ ಭಾಷೆಯಲ್ಲಿ ಕರೆಯುತ್ತಾರೆ?

ನಾನು ಇದನ್ನು ಕನ್ನಡದಲ್ಲಿ, ಈಗಲೇ ಬರೆಯುತ್ತಿರುವುದಕ್ಕೆ ಕಾರಣ ಸೋಲದೇವನಹಳ್ಳಿ. ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ ಶುರುವಾದ ಚಾಮರಾಜೇಂದ್ರ ನೀರು ಸರಬರಾಜು ಯೋಜನೆ: ಅರ್ಕಾವತಿಯ ನೀರು ಹೆಸರಘಟ್ಟದ ಕೆರೆಯಿಂದ ಇಟ್ಟಿಗೆ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಬಂದು, ಅಲ್ಲಿಂದ ಉಗಿಯಂತ್ರದ ಬಲದಿಂದ ಮೇಲೇರಿ ಬೆಂಗಳೂರಿಗೆ ಹೋಗುತ್ತಿತ್ತು. ಆ ಪಂಪ್‌ಹೌಸನ್ನು ಮ್ಯೂಸಿಯಂ ಮಾಡುವ ಮಾತು ವರ್ಷಗಳಿಂದ ನಡೆದಿದೆ. ಮಾತು ಉದ್ದವಾದಷ್ಟೂ ಪುಸ್ತಿಕೆ ಹಿಡಿದು ಬರುವವರಿಗೆ ಅನುಕೂಲ. 2024ರ ಮಾರ್ಚಿನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂದ ಊರು ಬೆಂಗಳೂರು. ಅಲ್ಲಿಯ ಯಾರಾದರೂ "ಪಬ್ಬಾದರೂ ಆಗಲಿ" ಅಂದಾರು.

ಆಗಲೇಬೇಕು ಅನ್ನುವ ಹೊತ್ತು ಬಂದರೆ, ಗುತ್ತಿಗೆ ಕರಾರಿನಲ್ಲಿ ಬರೆಸಲಿಕ್ಕೆ ಇವಿಷ್ಟು ಇಟ್ಟುಕೊಳ್ಳಿ. ಯಂತ್ರ ಇದ್ದಲ್ಲೇ ಇರಬೇಕು, ಒಂದು ಬೋಲ್ಟೂ ಅಲಂಕಾರಕ್ಕೆ ಹೋಗಕೂಡದು. ಹಗಲು ಹೊತ್ತು ಶಾಲೆಯ ಮಕ್ಕಳಿಗೆ ಬಾಗಿಲು ತೆರೆದಿರಬೇಕು, ಟಿಕೆಟ್ಟಿಲ್ಲದೆ. ಬಾಡಿಗೆ ನೀರಿನ ಖಾತೆಗೇ ಜಮೆಯಾಗಬೇಕು. ಸೂರಿಲ್ಲದ ಇಟ್ಟಿಗೆ ಕಾಲುವೆಯ ರಿಪೇರಿ ಅದರಿಂದ ನಡೆಯಬೇಕು. ಮತ್ತೆ ಗೇಟಿನ ಹೊರಗೆ, ಬೌನ್ಸರ್ ನಿಲ್ಲುವ ಜಾಗಕ್ಕಿಂತ ಮುಂಚೆ, ಹಗಲೂ ರಾತ್ರಿ ಕುಡಿಯುವ ನೀರು ಬರುವ ಒಂದು ನಲ್ಲಿ. ಆ ನಲ್ಲಿಯನ್ನು ಯಾರು ನೋಡಿಕೊಳ್ಳಬೇಕು, ನೀರು ನಿಂತರೆ ಯಾರನ್ನು ಕೇಳಬೇಕು ಅನ್ನುವುದನ್ನು ಕರ್ತೃಪದ ಇರುವ ವಾಕ್ಯದಲ್ಲಿ ಬರೆಸಿ. ಕರಾರಿನ ಕನ್ನಡ ಬೇಕಿದ್ದರೆ ನಾನು ಮಾಡಿಕೊಡುತ್ತೇನೆ, ದುಡ್ಡು ಬೇಡ.